ಕಾರ್ಡಿನ ವಚನ, ಕಟ್ಟೆಯ ಪುರಾಣ

ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವಿದೆ. ಹೆಸರು ಕೇಳಿದವರು ಲಿಂಗಾಯತ ಮಠವೆಂದುಕೊಂಡರೆ ತಪ್ಪೇನಿಲ್ಲ. ಒಳಗೆ ನಡೆಯುವುದು ಮಾತ್ರ ಕ್ಯಾಥೊಲಿಕರ ಬಲಿಪೂಜೆ. ಕಳೆದ ಶತಮಾನದಲ್ಲಿ ಅಮಲಾನಂದ, ಅನಿಮಾನಂದ ಎಂಬ ಹೆಸರು ತಳೆದ ಯೇಸುಸಭೆಯ ಪಾದ್ರಿಗಳು ಇಲ್ಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಸ್ವಾಮಿಗಳಾಗಿ ಬಾಳಿದರು. ದೇಶನೂರನ್ನು ಕುರಿತ ಮಾತು ಸಾಮಾನ್ಯವಾಗಿ ಈ ಕಾವಿಯಿಂದ ಹೊರಟು ಕಟ್ಟಡದ ಶೈಲಿಗೆ ಬಂದು ನಿಲ್ಲುತ್ತದೆ. ಹೊಗಳುವವರದೂ ಅಷ್ಟೇ, ಸಂಶಯ ಪಡುವವರದೂ ಅಷ್ಟೇ. ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ: ಇಲ್ಲಿಯ ಕ್ರೈಸ್ತರು ತಮ್ಮ ಶಾಸ್ತ್ರವನ್ನು ಧ್ಯಾನಿಸುವ ಬಗೆ ಎಂಥದು, ಅದು ಈ ನಾಡಿನ ಮಣ್ಣಿಗೆ ಎಷ್ಟು ಇಳಿದಿದೆ?

ಯೇಸುಸಭೆಯವರು ಎಲ್ಲಿಗೆ ಹೋದರೂ ಅವರ ಜೊತೆಗೆ ಇಗ್ನೇಷಿಯಸ್ ಲೊಯೋಲಾನ ಧ್ಯಾನಕ್ರಮ ಹೋಗುತ್ತದೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಆ ಪುಸ್ತಕ ಓದುವುದಕ್ಕಲ್ಲ, ಮಾಡುವುದಕ್ಕೆ. ಶುಭಸಂದೇಶದ ಒಂದು ಪ್ರಸಂಗವನ್ನು ಎತ್ತಿಕೊಂಡು ಅದರೊಳಗೆ ಹೋಗಿ ನಿಲ್ಲಬೇಕು. ಬೆತ್ಲೆಹೇಮಿಗೆ ಹೋಗುವ ದಾರಿ ಎಷ್ಟು ಉದ್ದ, ಏರೋ ಇಳಿಜಾರೋ, ಗವಿಯ ಮಾಡು ಎಷ್ಟು ತಗ್ಗು, ಯಾರು ಏನು ಮಾತಾಡುತ್ತಿದ್ದಾರೆ ಎಂಬುದನ್ನೆಲ್ಲ ಮನಸ್ಸಿನ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ, ಕೊನೆಗೆ ಗೆಳೆಯನೊಂದಿಗೆ ಆಡುವಂತೆ ದೇವರೊಂದಿಗೆ ಮಾತಾಡಬೇಕು. ಈ ಕ್ರಮದ ಶಕ್ತಿಯೆಲ್ಲ ಇರುವುದು ಧ್ಯಾನಿಸುವವನ ಅನುಭವದಲ್ಲಿ. ನೋಡಿದ್ದನ್ನೇ ತಾನೇ ಮನಸ್ಸು ಕಟ್ಟಿಕೊಳ್ಳುವುದು?

ಹಾಗಾದರೆ ಸವದತ್ತಿ, ರಾಮದುರ್ಗದ ಹೊಲಗೆಲಸದ ಹೆಣ್ಣುಮಗಳಿಗೆ ಬೈಬಲಿನ ರೂತಳ ಕಥೆಯನ್ನು ಯಾವ ಪಂಡಿತ ವಿವರಿಸಬೇಕು? ಗಂಡ ಸತ್ತ ಪರದೇಶದ ಹೆಣ್ಣು, ಜೊತೆಗೆ ಮುದಿ ಅತ್ತೆ, ಹೊಟ್ಟೆಪಾಡಿಗೆ ಕಂಡವರ ಹೊಲದಲ್ಲಿ ಜವೆಗೋಧಿಯ ಹಕ್ಕಲಾಯುವ ಕೆಲಸ. ಜೋಳದ ಸುಗ್ಗಿಯಲ್ಲಿ ಕೊಯ್ದವರ ಹಿಂದೆ ತೆನೆ ಆಯ್ದವಳಿಗೆ ರೂತಳು ಹಕ್ಕಲಾಯ್ದ ಬೋವಜನ ಹೊಲ ಕಣ್ಣಮುಂದೆಯೇ ಇದೆ. ಬೆನ್ನು ಎಷ್ಟು ಹೊತ್ತಿಗೆ ಹಿಡಿದುಕೊಳ್ಳುತ್ತದೆ, ಹೊಲದ ಯಜಮಾನ ಬಂದಾಗ ಸೆರಗು ಹೇಗೆ ಸರಿಮಾಡಿಕೊಳ್ಳಬೇಕು ಎಂಬುದೂ ಆಕೆಗೆ ಗೊತ್ತು. ಧ್ಯಾನ ಅಲ್ಲಿಗೇ ನಿಲ್ಲುವಂಥದೂ ಅಲ್ಲ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂಬುದು ಯಾಜಕಕಾಂಡ 19ರ ಕಟ್ಟಳೆ. ಯಂತ್ರದಿಂದ ರಾಶಿಯಾಗುವ ಹೊಲದಲ್ಲಿ, ಮಲಪ್ರಭೆಯ ನೀರು ಹರಿದು ಕಬ್ಬಾದ ಹೊಲದಲ್ಲಿ ಹಕ್ಕಲು ಎಲ್ಲಿದೆ, ಆಯುವವಳು ಎಲ್ಲಿಗೆ ಹೋಗಬೇಕು? ಇಷ್ಟರವರೆಗೆ ಬಂದ ಧ್ಯಾನವೇ ನನ್ನ ಮಟ್ಟಿಗೆ ಧ್ಯಾನ.

ಆದರೆ ಇಂಥ ಧ್ಯಾನಕ್ರಮಗಳಿಗೆ ಬಿಡುವು ಬೇಕು. ಹನ್ನೆರಡನೆಯ ಶತಮಾನದ ಗುಯಿಗೋ ಎಂಬ ಮಠವಾಸಿ ಓದು, ಮನನ, ಪ್ರಾರ್ಥನೆ, ದರ್ಶನ ಎಂದು ನಾಲ್ಕು ಮೆಟ್ಟಿಲು ಹೇಳಿದ. ಏಕಾಂತದ ಕೋಣೆಯಿದ್ದವನು ಹೇಳಿದ ಮೆಟ್ಟಿಲು ಅವು. ಬೆಳಗಾಗುವ ಮೊದಲೇ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗುವವರು ಯಾವ ಮೆಟ್ಟಿಲ ಮೇಲೆ ಕೂಡಬೇಕು?

ಪ್ರಾಟೆಸ್ಟೆಂಟರು ಇದಕ್ಕೊಂದು ಉತ್ತರ ಕೊಟ್ಟಿದ್ದರು. ಲಂಡನ್ ಮಿಶನ್ನಿನವರು 1820ರಲ್ಲಿ ಬೆಳಗಾವಿಗೆ ಬಂದರು. ಅದೇ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ. ಪುಸ್ತಕ ಮನೆಗೆ ಬಂತು, ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅಕ್ಷರ ಬಲ್ಲ ಮಗ ಅಥವಾ ಮಗಳು ಓದಿದರೆ ಉಳಿದವರು ಕೇಳಿದರು. ಕ್ಯಾಥೊಲಿಕರಲ್ಲಿ ಜನಸಾಮಾನ್ಯರೆಲ್ಲ ಶ್ರೀಗ್ರಂಥ ಓದಲಿ ಎಂಬ ಒತ್ತಾಯದ ಕರೆ ಬಂದದ್ದು 1965ರ ವ್ಯಾಟಿಕನ್ ಮಹಾಸಭೆಯ ನಿರ್ಣಯದಲ್ಲಿ. ಈ ವಿಷಯದಲ್ಲಿ ಮಿಶನ್ನಿನವರದು ದೊಡ್ಡ ಕೆಲಸ, ಅನುಮಾನವಿಲ್ಲ.

ಆ ಮನೆಯೋದು ಇಂದು ಸವೆದು ಎಲ್ಲಿಗೆ ಬಂದಿದೆಯೆಂದರೆ, ಹೊಸ ವರ್ಷದ ಆರಾಧನೆಯಲ್ಲಿ ಕೈಗೆ ಬರುವ ವಾಗ್ದಾನದ ಕಾರ್ಡಿಗೆ, ಬೆಳಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ಬರುವ ಒಂದು ವಚನಕ್ಕೆ. ಯೆರೆಮೀಯ 29ರ 11ನೆಯ ವಚನ ಇಂಥ ಕಾರ್ಡುಗಳ ಅಚ್ಚುಮೆಚ್ಚು: ದೇವರಲ್ಲಿ ನಿಮಗಾಗಿ ಒಳ್ಳೆಯ ಆಲೋಚನೆಯಿದೆ, ಮುಂದೆ ಒಳ್ಳೆಯ ದಿನವಿದೆ ಎಂಬ ಭರವಸೆ. ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷದ ಮಾತಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ ಅದು. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಬೇಗ ಬಿಡುಗಡೆಯೆಂದು ಹೇಳುವ ಪ್ರವಾದಿಗಳನ್ನು ನಂಬಬೇಡಿ ಎನ್ನುತ್ತದೆ. ಅಂದರೆ ಅವಸರದ ವಾಗ್ದಾನಗಳ ವಿರುದ್ಧ ಬರೆದ ಅಧ್ಯಾಯದಿಂದಲೇ ನಾವು ಅವಸರದ ವಾಗ್ದಾನ ಕತ್ತರಿಸಿ ತೆಗೆದಿದ್ದೇವೆ! ಕಷ್ಟದಲ್ಲಿದ್ದವರಿಗೆ ಒಂದು ವಚನ ಆಸರೆಯಾಗುತ್ತದೆ, ಅದನ್ನು ಹಗುರ ಮಾಡಲಾರೆ. ಆದರೆ ಆಸರೆ ಬೇರೆ, ಧ್ಯಾನ ಬೇರೆ. ಸಾಲ ತೀರದೆ, ಮಗನಿಗೆ ನೌಕರಿ ಸಿಗದೆ ವರ್ಷ ಕಳೆದಾಗ ಕಾರ್ಡಿನ ವಚನ ಕೈಕೊಡುತ್ತದೆ. ಎಪ್ಪತ್ತು ವರ್ಷದ ಮಾತನ್ನೂ ಕೇಳಿಸಿಕೊಂಡವನಿಗೆ ಕಾಯುವ ಬಲವಾದರೂ ಉಳಿದಿರುತ್ತದೆ.

ಇಲ್ಲಿಯೇ ದೇಶನೂರಿನ ಪ್ರಯೋಗ ನನಗೆ ಅರ್ಧಕ್ಕೆ ನಿಂತ ದಾರಿಯಂತೆ ಕಾಣುವುದು. ಮಠದಿಂದ ಕಾವಿಯನ್ನೂ ವಿರಕ್ತಿಯನ್ನೂ ಪಡೆದದ್ದು ಸಣ್ಣ ಸಾಹಸವಲ್ಲ. ಆದರೆ ಈ ಭಾಗದ ಮಠಗಳಲ್ಲಿ ಅವೆರಡಕ್ಕಿಂತ ಜನರ ಹತ್ತಿರವಿದ್ದದ್ದು ಶ್ರಾವಣದ ಪುರಾಣ. ತಿಂಗಳಿಡೀ ಸಂಜೆ ಶಾಸ್ತ್ರಿಗಳು ಓದಿ ಅರ್ಥ ಹೇಳುತ್ತಾರೆ, ಗವಾಯಿ ಹಾಡುತ್ತಾನೆ, ತಬಲಾ ಜೊತೆಯಾಗುತ್ತದೆ, ಕೂಲಿ ಮುಗಿಸಿ ಬಂದವರು ಕಟ್ಟೆಯ ಮೇಲೆ ಕೂತು ಕೇಳುತ್ತಾರೆ. ಶರಣರ ಕಷ್ಟದ ದಿನವನ್ನು ಯಾರೂ ಹಾರಿಸಿ ಮುಂದೆ ಹೋಗುವುದಿಲ್ಲ. ನಿನ್ನೆ ನಿಂತಲ್ಲಿಂದಲೇ ಇಂದು ಹೊರಡಬೇಕು. ಅಕ್ಷರ ಬಾರದವರಿಗೂ ಅದು ದಕ್ಕುತ್ತದೆ, ಏಕಾಂತದ ಕೋಣೆಯೂ ಬೇಕಿಲ್ಲ. ದೋಷವೂ ಇದೆ: ಮಾತೆಲ್ಲ ಶಾಸ್ತ್ರಿಗಳದೇ, ಕೇಳುವವರು ಪ್ರಶ್ನೆ ಎತ್ತುವುದು ಕಡಿಮೆ. ಹಕ್ಕಲಾಯ್ದವಳು ರೂತಳ ಬಗ್ಗೆ ತಾನೇ ಬಾಯಿಬಿಟ್ಟು ಹೇಳುವ ಅವಕಾಶವನ್ನು ಸೇರಿಸಿದರೆ ಆ ದೋಷವೂ ಕಳೆಯುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪಾದ್ರಿಗಳಲ್ಲೂ ಸಭಾಪಾಲಕರಲ್ಲೂ ನನ್ನ ಕೇಳಿಕೆ ಇಷ್ಟೇ: ಮುಂದಿನ ತಪಸ್ಸು ಕಾಲದಲ್ಲಿ ಕಾರ್ಡು ಅಚ್ಚು ಹಾಕಿಸುವ ಖರ್ಚು ಬಿಟ್ಟು, ಒಂದು ಇಡೀ ಗ್ರಂಥವನ್ನು ಸಂಜೆಯ ಹೊತ್ತು ಗಟ್ಟಿಯಾಗಿ ಓದಿಸಿ, ಹಾಡಿಸಿ, ಕೂತವರನ್ನು ಮಾತಾಡಿಸಿ. ರೂತಳ ಗ್ರಂಥದಿಂದಲೇ ಶುರುಮಾಡಬಹುದು. ಅದರಲ್ಲಿರುವುದು ನಾಲ್ಕೇ ಅಧ್ಯಾಯ, 85 ವಚನ.