ಹಾಜರಿ ಪುಸ್ತಕದಲ್ಲಿ ತಾಂಡಾ, ಕಬ್ಬಿನ ಗದ್ದೆಯಲ್ಲಿ ಮಗು

2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಓದಿದವರಿಗೆ ಗುಳೆ ಹೋಗುವವರ ಮಕ್ಕಳ ಚಿಂತೆ ಮುಗಿದೇಹೋಯಿತು ಅನ್ನಿಸಬೇಕು. ದಾಖಲಾತಿ ಅವಧಿ ಮುಗಿದಿದೆ ಎಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ ಎನ್ನುತ್ತದೆ 15ನೇ ಸೆಕ್ಷನ್. ಟಿಸಿ ಬರಲಿಲ್ಲವೆಂದು ತಡೆಯುವಂತಿಲ್ಲ, ಟಿಸಿ ಕೊಡಲು ಸತಾಯಿಸಿದ ಮುಖ್ಯೋಪಾಧ್ಯಾಯರ ಮೇಲೆಯೇ ಶಿಸ್ತುಕ್ರಮ ಎನ್ನುತ್ತದೆ 5ನೇದು. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು 9ನೇ ಸೆಕ್ಷನ್ ಸ್ಥಳೀಯ ಆಡಳಿತದ ತಲೆಗೇ ಕಟ್ಟಿದೆ. ಇಷ್ಟು ಉದಾರವಾದ ಕಾನೂನು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಲಂಬಾಣಿ ತಾಂಡಾಗಳವರೆಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು.

ಕಬ್ಬು ನುರಿಸುವ ಹಂಗಾಮು ಶುರುವಾಗುವುದು ಅಕ್ಟೋಬರ್–ನವೆಂಬರ್‌ನಲ್ಲಿ. ದೀಪಾವಳಿ ಮುಗಿಸಿಕೊಂಡು ಕಬ್ಬು ಕಡಿಯುವ ಗ್ಯಾಂಗುಗಳು ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರದ ಕಡೆ ಹೊರಟರೆ ಮರಳುವುದು ಯುಗಾದಿ ಹೊತ್ತಿಗೆ. ಶಾಲೆಯ ವರ್ಷ ಜೂನ್ ಹೊತ್ತಿನಿಂದ ಏಪ್ರಿಲ್ ಆರಂಭದವರೆಗೆ. ಅಂದರೆ ಎರಡನೆಯ ಅವಧಿಯಿಡೀ ಮಗು ಕೈ ಬಿಟ್ಟುಹೋಗುತ್ತದೆ. ಈ ದಿನಗಳಲ್ಲಿ ತಾಂಡಾದ ಶಾಲೆಯೊಂದಕ್ಕೆ ಹೋಗಿ ಹಾಜರಿ ಪುಸ್ತಕ ತೆರೆಯಿರಿ. ಹೆಸರುಗಳೆಲ್ಲ ಇರುತ್ತವೆ, ಕೆಲವು ಸಾಲುಗಳಲ್ಲಿ ಮಾತ್ರ ಅಕ್ಟೋಬರ್ ತನಕದ ಗುರುತುಗಳು, ಮುಂದೆ ಬರೀ ಗೈರು. ಕೇಳಿದರೆ, ‘ಅವ್ವ-ಅಪ್ಪನ ಜೋಡಿ ಹೋಗ್ಯಾವ್ರೀ, ಬರ್ತಾವ’ ಎಂಬ ಉತ್ತರ. ಹೆಸರು ತೆಗೆಯುವುದಿಲ್ಲ, ಟಿಸಿಯನ್ನೂ ಯಾರೂ ಕೇಳಿರುವುದಿಲ್ಲ. ಇದನ್ನು ಶಿಕ್ಷಕರ ಉದಾಸೀನ ಎಂದು ಬಿಡುವುದು ಸುಲಭ. ಆದರೆ ದಾಖಲಾತಿ ಇಳಿದರೆ ಆ ಶಾಲೆಯ ಶಿಕ್ಷಕ ‘ಹೆಚ್ಚುವರಿ’ಯಾಗಿ ಬೇರೆಡೆ ಹೋಗಬೇಕಾಗುತ್ತದೆ, ಯುಗಾದಿಗೆ ಮಕ್ಕಳು ಮರಳಿದಾಗ ಕಲಿಸುವವರಿರುವುದಿಲ್ಲ. ಹೆಸರನ್ನು ಹಿಡಿದಿಟ್ಟುಕೊಳ್ಳುವುದು ಶಾಲೆ ಉಳಿಸಿಕೊಳ್ಳುವ ದಾರಿಯೂ ಹೌದು.

ಹೀಗೆ ಓದು ನಡುವೆ ಕಡಿಯುವುದನ್ನು ತಪ್ಪಿಸಲು ಶಿಕ್ಷಣ ಇಲಾಖೆ ಕಂಡುಕೊಂಡ ಉಪಾಯಗಳು ಎರಡು. ಮಗುವನ್ನು ಊರಲ್ಲೇ ಉಳಿಸಿಕೊಳ್ಳುವ ಹಂಗಾಮಿನ ವಸತಿ ನಿಲಯ ಒಂದು. ಕೆಲಸದ ಜಾಗಕ್ಕೇ ಹೋಗುವ ಟೆಂಟ್ ಶಾಲೆ ಇನ್ನೊಂದು. ನನಗೆ ಮೊದಲನೆಯದೇ ಮೇಲೆನಿಸುತ್ತದೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗದ್ದೆಯ ಬದಿಯಲ್ಲಿ ಮರಾಠಿ ಎಂದು ಒಂದೇ ವರ್ಷದಲ್ಲಿ ಮೂರು ಭಾಷೆಗೆ ಬೀಳುವ ಮಗುವಿಗೆ ಅಲ್ಲಿ ಕೊನೇಪಕ್ಷ ಪಾಠದ ಎಳೆಯಾದರೂ ಕಡಿಯುವುದಿಲ್ಲ. ಆದರೆ ಗ್ಯಾಂಗ್ ಹೊರಡುವ ವಾರಕ್ಕಿಂತ ಒಂದು ದಿನ ತಡವಾಗಿ ಬಾಗಿಲು ತೆರೆದರೂ ಆ ನಿಲಯ ವ್ಯರ್ಥ, ಮಗು ಆಗಲೇ ಟ್ರ್ಯಾಕ್ಟರ್ ಹತ್ತಿರುತ್ತದೆ. ಹನ್ನೆರಡು ದಾಟಿದ ಹುಡುಗಿಯನ್ನು ಬಿಟ್ಟುಹೋಗಲು ತಾಯಿಗೆ ಧೈರ್ಯ ಸಾಲದು. ಅದಲ್ಲದೆ ಹಸುಗೂಸನ್ನು ನೋಡಿಕೊಳ್ಳಲು ಆ ಹುಡುಗಿಯೇ ಬೇಕು. ಶಿಶುಪಾಲನೆಗೆ ವ್ಯವಸ್ಥೆಯಿಲ್ಲದೆ ಅಕ್ಕನ ಓದಿಗೆ ಎಷ್ಟು ನಿಲಯ ಕಟ್ಟಿದರೂ ಅಷ್ಟೇ.

ಟೆಂಟ್ ಶಾಲೆಯ ವಿಷಯದಲ್ಲಿ ನನ್ನ ತಕರಾರು ಬೇರೆ. ಲೆಬನಾನ್ ದೇಶ ಸಿರಿಯಾದ ನಿರಾಶ್ರಿತ ಮಕ್ಕಳಿಗಾಗಿ ತನ್ನ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿ ತೆರೆಯಿತು. ಕಿಕ್ಕಿರಿದ ಶಾಲೆಗಳಲ್ಲಿ ಅದರಿಂದ ಜಾಗವೇನೋ ಸಿಕ್ಕಿತು, ಆದರೆ ಬೆಳಗಿನ ಮಕ್ಕಳೂ ಮಧ್ಯಾಹ್ನದ ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡದಂತಾಯಿತು. ಟೆಂಟಿನದೂ ಅದೇ ಕಥೆ. ಪಕ್ಕದಲ್ಲೇ ಊರ ಶಾಲೆ ಇದ್ದರೂ ಕೂಲಿಯವರ ಮಕ್ಕಳಿಗೆ ತಗಡಿನ ಶೆಡ್ಡು. ಸಕ್ಕರೆ ಕಾರ್ಖಾನೆಗಳ ಬಳಿ ನಡೆಯುವ ಮಹಾರಾಷ್ಟ್ರದ ಸಾಖರ್ ಶಾಲೆಗಳು ಹಲವು ಮಕ್ಕಳಿಗೆ ಆಸರೆಯಾಗಿವೆ ನಿಜ. ಆದರೆ ಅವು ಮರಾಠಿಯವು. ಗಡಿಯಾಚೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ, ಕಬ್ಬಿನ ಸೀಮೆ ಇರುವುದು ಅದರಾಚೆ. ಇನ್ನು ದಾಖಲೆಯ ಮಾತು: ನಮ್ಮ ಮಕ್ಕಳ ಲೆಕ್ಕ ಕರ್ನಾಟಕದ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ, ಮಹಾರಾಷ್ಟ್ರದವರದು ಸರಳ್‌ನಲ್ಲಿ. ಗಡಿ ದಾಟಿದ ಮಗು ಇಲ್ಲಿ ದೀರ್ಘ ಗೈರು, ಅಲ್ಲಿ ಲೆಕ್ಕಕ್ಕೇ ಇಲ್ಲ.

ಹೊರಗಿನಿಂದ ಬಂದ ಮಕ್ಕಳನ್ನು ಸರ್ಕಾರ ಮುತುವರ್ಜಿಯಿಂದ ನೋಡಿಕೊಂಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1960ರಲ್ಲಿ ಟಿಬೆಟಿನ ನಿರಾಶ್ರಿತರು ಬೈಲಕುಪ್ಪೆಗೆ ಬಂದರು. ಅವರ ಮಕ್ಕಳಿಗೆಂದೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಸಂಸ್ಥೆಯನ್ನೇ ಸ್ಥಾಪಿಸಿತು. ಅದು ಸರಿಯಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನಮ್ಮದೇ ತಾಂಡಾದ ಮಗು ಸಾಂಗ್ಲಿಗೆ ಹೋದ ಮಾತ್ರಕ್ಕೆ ಆ ಕಾಳಜಿಯ ಕಾಲುಭಾಗವೂ ಸಿಗದಿರುವುದು ಮಾತ್ರ ಸಂಕಟದ ವಿಷಯ.

ಯಾರು ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂಬುದು ತಿಳಿಯುವುದೇ ಇಲ್ಲ ಎಂಬ ಇಲಾಖೆಯ ಸಬೂಬನ್ನು ನಾನು ಒಪ್ಪಲಾರೆ. ಮಳೆಗಾಲದಲ್ಲೇ ಗ್ಯಾಂಗಿಗೆ ಕೂಲಿಗಳನ್ನು ಗೊತ್ತುಮಾಡುವ ಮುಕಾದಮ ಮುಂಗಡ ಹಂಚಿರುತ್ತಾನೆ. ಯಾವ ಗಂಡ-ಹೆಂಡತಿ ಜೋಡಿ, ಎಷ್ಟು ಹಣ, ಯಾವ ಕಾರ್ಖಾನೆ ಎಂಬುದೆಲ್ಲ ಅವನ ಡೈರಿಯಲ್ಲಿರುತ್ತದೆ. ದುಡ್ಡಿನ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇಡಲು ಬರುವಾಗ ಆ ಜೋಡಿಯ ಹಿಂದೆ ಹೋಗುವ ಮಕ್ಕಳ ಲೆಕ್ಕ ಆಗಸ್ಟ್‌ನಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರಬಾರದೇಕೆ?

ವಿಜಯಪುರ ನಗರದ ತೊಡಕು ತಿರುವುಮುರುವು. ಹಳ್ಳಿಗೆ ಮರಳದೆ ಗೌಂಡಿ ಕೆಲಸ ಹಿಡಿದು ನಗರದ ಅಂಚಿನಲ್ಲಿ ನೆಲೆನಿಂತವರು ನಡುವರ್ಷದಲ್ಲಿ ಮಗುವಿನ ಕೈಹಿಡಿದು ಶಾಲೆಗೆ ಹೋದರೆ ‘ಜಾಗ ಇಲ್ರೀ, ಜೂನ್‌ನಾಗ ಬರ್ರಿ’ ಎಂಬ ಮಾತು ಕೇಳಬೇಕಾಗುತ್ತದೆ. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕ ಎಂದು ಕಾಯ್ದೆ ಹೇಳುತ್ತದೆ. ತುಂಬಿದ ಕೋಣೆಯಲ್ಲಿ ಇನ್ನಿಬ್ಬರನ್ನು ಕೂರಿಸಿಕೊಳ್ಳಲು ಹಿಂದೇಟು ಹಾಕುವ ಶಿಕ್ಷಕಿಯದೂ ಪೂರ್ತಿ ತಪ್ಪಲ್ಲ. ಅದೇ ನವೆಂಬರ್‌ನಲ್ಲಿ ತಾಂಡಾ ಶಾಲೆಯ ಅರ್ಧ ನೆಲ ಖಾಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಎರಡನೆಯ ಶಿಕ್ಷಕರಿರುವ ತಾಂಡಾ ಶಾಲೆಗಳಿಂದ ಒಬ್ಬರನ್ನು ನಗರದ ಇಂಥ ಶಾಲೆಗೋ ವಸತಿ ನಿಲಯಕ್ಕೋ ನಿಯೋಜಿಸಿದರೆ ಹುದ್ದೆಯೂ ಉಳಿಯುತ್ತದೆ, ಮಗುವೂ ಕೂರುತ್ತದೆ.

ಈಚೆಗೆ ಇನ್ನೊಂದು ಬದಲಾವಣೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಒಣನೆಲ ಹಸಿರಾಗಿದೆ. ಕೃಷ್ಣೆಯ ದಂಡೆಯಲ್ಲಿ ಸಕ್ಕರೆ ಕಾರ್ಖಾನೆ, ತಿಕೋಟಾದ ಸುತ್ತ ದ್ರಾಕ್ಷಿ ತೋಟ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಗ್ಯಾಂಗುಗಳು ಕರ್ನಾಟಕದ ಕಾರ್ಖಾನೆಗಳಿಗೆ ಬರುವುದು ಹೊಸದಲ್ಲ. ನಮ್ಮ ಮಕ್ಕಳು ಅತ್ತ, ಅವರ ಮಕ್ಕಳು ಇತ್ತ. ನಮ್ಮ ಮಕ್ಕಳಿಗೆ ಅಲ್ಲಿ ಕನ್ನಡ ಬೇಕೆಂದು ಕೇಳುವವರು ಬಬಲೇಶ್ವರದ ಕಬ್ಬಿನ ಗದ್ದೆಯಂಚಿನ ಮರಾಠಿ ಮಗುವಿಗೆ ಏನು ಕೊಟ್ಟಿದ್ದೇವೆ ಎಂದೂ ಹೇಳಬೇಕಲ್ಲ! ಕರ್ನಾಟಕ ಮರಾಠಿ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದ್ದನ್ನು. ಎರಡೂ ಕಡೆ ಪುಸ್ತಕ ತಯಾರಿವೆ. ಹಂಗಾಮು ಶುರುವಾಗುವ ವಾರ ಗದ್ದೆಗೆ ಹತ್ತಿರದ ಶಾಲೆಗೆ ಅವನ್ನು ತಲುಪಿಸಿ, ಆ ಮಕ್ಕಳನ್ನು ಊರ ಮಕ್ಕಳ ಸಾಲಿನಲ್ಲೇ ಕೂರಿಸಲು ಹೊಸ ಕಾನೂನೇನೂ ಬೇಕಿಲ್ಲ.