ಧುಪದಾಳದ ಮಕ್ಕಳಿಗೆ ರಾಜಸ್ಥಾನದ ಒಂಟೆ

ಆರನೇ ತರಗತಿಯ ಹಳೆಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಪಹೇಲಿ, ಬೂಝೋ ಎಂಬ ಮಕ್ಕಳು ರಜೆಯಲ್ಲಿ ದೇಶ ಸುತ್ತುತ್ತಾರೆ. ಋಷಿಕೇಶದ ಗಂಗೆ, ಹಿಮಾಲಯದ ದೇವದಾರು, ರಾಜಸ್ಥಾನದ ಒಂಟೆ ಸವಾರಿ, ಕೊನೆಗೆ ಪುರಿಯ ಕಡಲದಂಡೆ. ಜೀವಿಗಳು ಮತ್ತು ಅವುಗಳ ಪರಿಸರದ ಪಾಠ ಶುರುವಾಗುವುದು ಹೀಗೆ. ಇದೇ ಪಾಠ ಕನ್ನಡಕ್ಕೂ ಬಂದು ನಮ್ಮ ಶಾಲೆಗಳನ್ನು ಸೇರಿತು. ಒಂಟೆಯ ಉದ್ದ ಕಾಲು, ಯಾಕ್‌ನ ದಟ್ಟ ಕೂದಲು, ಮೀನಿನ ಕಿವಿರು ಎಲ್ಲ ಸರಿಯೇ. ಬಿಸಿಲು, ಚಳಿ, ನೀರು ಎಂಥ ಮೈಯನ್ನು ಬದುಕಲು ಬಿಡುತ್ತವೆ ಎನ್ನುವುದು ಇಂಥ ಕಟುವಾದ ತಾಣಗಳಲ್ಲಿ ಎದ್ದು ಕಾಣುತ್ತದೆ. ಅಷ್ಟು ಶ್ರೇಯಸ್ಸು ಪುಸ್ತಕಕ್ಕೆ ಸಲ್ಲಬೇಕು.

ಆದರೆ ಅಲ್ಲಿ ಮರಳುಗಾಡು ಮೊದಲೇ ಇದೆ, ಒಂಟೆ ಅದಕ್ಕೆ ಹೊಂದಿಕೊಂಡಿದೆ, ಕಥೆ ಮುಗಿಯಿತು. ಒಂಟೆಯಿಂದ ಮರಳುಗಾಡಿಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ತರಗತಿಗೆ ಇಳಿಯುವಷ್ಟರಲ್ಲಿ ಇದೂ ಸವೆದು, ಎಡಕ್ಕೆ ಜೈವಿಕ ಘಟಕ, ಬಲಕ್ಕೆ ಅಜೈವಿಕ ಘಟಕ ಎಂಬ ಪಟ್ಟಿಯಾಗುತ್ತದೆ. ನಡುವೆ ಸ್ಕೇಲು ಹಿಡಿದು ಗೆರೆ ಎಳೆಯುತ್ತಾರೆ. ಪಾಠವಿರುವುದೇ ಆ ಗೆರೆ ದಾಟುವಲ್ಲಿ.

ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಧುಪದಾಳದ ಮಕ್ಕಳು ಅದನ್ನು ನೋಡಲು ತಮ್ಮ ಒಡ್ಡಿನವರೆಗೆ ನಡೆದರೆ ಸಾಕು. 19ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಆಡಳಿತ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿಸಿದ್ದು ಅದು. ಕಟ್ಟಿಸಿದ್ದು ಕಾಲುವೆಗಾಗಿ, ಹಕ್ಕಿಗಳಿಗಾಗಿ ಅಲ್ಲ. ಕಲ್ಲು ನೀರನ್ನು ತಡೆಯಿತು. ವೇಗ ಕಳೆದುಕೊಂಡ ನೀರು ಹೊತ್ತು ತಂದ ಮಣ್ಣನ್ನು ಕೆಳಗಿಳಿಸಿತು. ಹೂಳು ಕೂತಲ್ಲಿ ಆಳ ಕಡಿಮೆಯಾಗಿ ಬಿಸಿಲು ತಳ ಮುಟ್ಟಿತು, ಪಾಚಿ ಹಬ್ಬಿತು, ಆಪು ಹುಲ್ಲು ಬೇರೂರಿತು. ಇಲ್ಲಿಯವರೆಗೆ ಪುಸ್ತಕ ಹೇಳುವ ದಾರಿಯೇ. ಮುಂದೆ ದಾರಿ ಹಿಂದಿರುಗುತ್ತದೆ. ಆಪಿನ ದಂಟುಗಳ ನಡುವೆ ಹರಿವು ಮತ್ತೂ ನಿಧಾನವಾಗಿ ಇನ್ನಷ್ಟು ಮಣ್ಣು ನಿಲ್ಲುತ್ತದೆ, ನಡುಗಡ್ಡೆ ಗಟ್ಟಿಯಾಗುತ್ತದೆ, ಗಿಡಮರ ಬರುತ್ತವೆ, ಅವುಗಳ ಮೇಲೆ ಕೂತ ಹಕ್ಕಿಯ ಹಿಕ್ಕೆ ನೀರಿಗೆ ಬಿದ್ದು ಪಾಚಿಗೆ ಗೊಬ್ಬರವಾಗುತ್ತದೆ. ಜೀವಿಗಳೇ ನೆಲ ಕಟ್ಟುತ್ತಿವೆ! 1974ರಲ್ಲಿ ಇಲ್ಲಿ ಸುಮಾರು 30 ಚದರ ಕಿಲೋಮೀಟರ್ ಪಕ್ಷಿಧಾಮವಾಯಿತು.

ಚಳಿಗಾಲಕ್ಕೆ ಬರುವ ಡೆಮೊಸೆಲ್ ಕ್ರೌಂಚವನ್ನೇ ತೆಗೆದುಕೊಳ್ಳಿ. ರಾತ್ರಿ ನಿಲ್ಲಲು ಆಳವಿಲ್ಲದ ನೀರು ಬೇಕು, ಹಗಲು ಮೇಯಲು ಹೊಲದ ಕಾಳು ಬೇಕು. ನೀರು ಒಡ್ಡಿನದು, ಕಾಳು ರೈತನದು. ಅದೇ ಒಡ್ಡಿನ ಕಾಲುವೆ ಹೊಲಕ್ಕೆ ಬಂದು ಕಾಳಿನ ಜಾಗದಲ್ಲಿ ಕಬ್ಬು ನಿಂತರೆ? ನೀರು ಹೆಚ್ಚಿದ್ದರಿಂದಲೇ ನೀರುಹಕ್ಕಿಯ ಮೇವು ಕಡಿಮೆಯಾಗಬಹುದು. ಇಂಥ ಪ್ರಶ್ನೆ ಪುಸ್ತಕದಲ್ಲಿ ಏಳುವುದಿಲ್ಲ. ಅಲ್ಲಿನ ಆವಾಸಗಳಲ್ಲಿ ಕಾಲುವೆಯೂ ಇಲ್ಲ, ರೈತನೂ ಇಲ್ಲ.

ಮಳೆಯ ಮಾತೂ ಹಾಗೆಯೇ. ಗೋಕಾಕ ಸೀಮೆ ಮಳೆನೆರಳಿನ ನಾಡು. ಹೊಳೆ ತುಂಬುವುದು ಘಟ್ಟದ ಮಳೆಯಿಂದ. ಮಹಾರಾಷ್ಟ್ರದ ಆಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಯನ್ನು ಕೂಡುತ್ತದೆ. ಮೇಲೆ ಹಿಡಕಲ್ ಜಲಾಶಯ ನೀರನ್ನೂ ಹೂಳನ್ನೂ ಹಿಡಿದಿಡುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಮುಳುಗಿದ್ದನ್ನು ಮಕ್ಕಳು ಮನೆಯವರ ಬಾಯಿಂದ ಕೇಳಿಯೇ ಇರುತ್ತಾರೆ. ತಮ್ಮೂರ ಅಜೈವಿಕ ಘಟಕ ಬೇರೆ ರಾಜ್ಯದ ಬೆಟ್ಟದಿಂದ ಇಳಿದು ಬರುತ್ತದೆ ಎಂಬುದನ್ನು ಅವರಿಗೆ ಬಾಯಿಪಾಠ ಮಾಡಿಸಬೇಕಿಲ್ಲ.

ಹಾಗೆಂದು ಊರ ಉದಾಹರಣೆ ಕೊಟ್ಟ ಮಾತ್ರಕ್ಕೆ ಪಾಠ ಗೆಲ್ಲುವುದಿಲ್ಲ. ಹೊರಸಂಚಾರವೆಂದು ಕರೆದೊಯ್ದು ಹಕ್ಕಿಗಳ ಹೆಸರು ಬರೆಸಿ, ಫೋಟೊ ತೆಗೆಸಿ ಮರಳಿದರೆ ಅದೂ ಪಟ್ಟಿಯೇ, ಖರ್ಚು ಮಾತ್ರ ಹೆಚ್ಚು. ಹೆಸರುಕಾಳನ್ನು ನೀರು, ಬೆಳಕು, ಚಳಿ ಬೇರೆ ಬೇರೆಯಾಗಿಟ್ಟು ನೋಡುವ ಹಳೆಯ ಪುಸ್ತಕದ ಚಟುವಟಿಕೆ ಇದಕ್ಕಿಂತ ಎಷ್ಟೋ ಮೇಲು; ಅಲ್ಲಿ ಒಂದನ್ನು ಬದಲಿಸಿದರೆ ಇನ್ನೊಂದಕ್ಕೆ ಏನಾಗುತ್ತದೆ ಎಂದು ಮಗು ಕಾದು ನೋಡುತ್ತದೆ. 2025ರಲ್ಲಿ ಬಂದ ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ‘ಕ್ಯೂರಿಯಾಸಿಟಿ’ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಕೊಳದ ಮೀನು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ತಿಂದರೆ ದಡದ ಹೂಗಿಡಕ್ಕೆ ಏನಾಗುತ್ತದೆ ಎಂದು ಅದು ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಆದರೂ ಅದು ಮನುಷ್ಯರ ಜಗಳವಿಲ್ಲದ ಕೊಳ.

ಧುಪದಾಳದಲ್ಲಿ ಕೇಳಬೇಕಾದದ್ದು, ಒಡ್ಡಿನ ಹಿಂದಿನ ಹೂಳು ಎತ್ತಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು. ನೀರು ಹೆಚ್ಚು ನಿಲ್ಲುತ್ತದೆ, ಕಾಲುವೆಗೆ ಒಳ್ಳೆಯದು. ಆಪು ಹೋಗುತ್ತದೆ, ನೀರಲ್ಲಿ ನಡೆದು ಮೇಯುವ ಹಕ್ಕಿಗೆ ಕಾಲೂರಲು ಜಾಗವಿಲ್ಲ. ಇದಕ್ಕೆ ಮಾದರಿ ಉತ್ತರ ಸಿಗುವುದಿಲ್ಲ. ಕಬ್ಬಿನ ರೈತನ ಮಗಳು ಒಂದು ಬರೆದು, ಮೀನು ಹಿಡಿಯುವವರ ಮಗ ಇನ್ನೊಂದು ಬರೆದರೆ, ಕಾರಣ ಸರಿಯಿದ್ದರೆ, ಇಬ್ಬರಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ.