ಜಾಲವಿಳಾಸವೂ ಆಧಾರಸೂಚಿಯೂ

ವರ್ಲ್ಡ್ ವೈಡ್ ವೆಬ್ಬಿನ ಜನಕರಾದ ಟಿಮ್ ಬರ್ನರ್ಸ್-ಲೀ ಅವರು 1998ರಲ್ಲಿ ಬರೆದ ‘ಕೂಲ್ ಯುಆರ್‌ಐಸ್ ಡೋಂಟ್ ಚೇಂಜ್’ ಎಂಬ ಕಿರುಲೇಖನವು ತಂತ್ರಜ್ಞರಿಗೆ ಮಾತ್ರವಲ್ಲದೆ ಇತಿಹಾಸದ ಅಭ್ಯಾಸಿಗಳಿಗೂ ವಿಚಾರಾರ್ಹವಾದುದು. ಉತ್ತಮವಾದ ಜಾಲವಿಳಾಸವು ಬದಲಾಗತಕ್ಕದ್ದಲ್ಲವೆಂಬುದು ಅವರ ಮೂಲ ಪ್ರತಿಪಾದನೆ. ಲೇಖಕನ ಹೆಸರು, ವಿಷಯವಿಭಾಗ, ಕಡತದ ಬಗೆ ಇವೆಲ್ಲ ಕಾಲಾಂತರದಲ್ಲಿ ಮಾರ್ಪಡುವುದರಿಂದ ಇವನ್ನು ವಿಳಾಸದಲ್ಲಿ ಸೇರಿಸಬಾರದೆಂದೂ, ರಚನೆಯ ದಿನಾಂಕವೊಂದೇ ನೆಚ್ಚತಕ್ಕದ್ದೆಂದೂ ಅವರು ವಾದಿಸುತ್ತಾರೆ.

ಶೋಧಯಂತ್ರಗಳಿಗೆ ಒಪ್ಪುವ ವಿಳಾಸವನ್ನು ಬಯಸುವವರ ಮತ ಇದಕ್ಕೆ ಭಿನ್ನವಾದುದು. ಅರ್ಥಶೂನ್ಯವಾದ ಅಂಕೆಗಳಿಗಿಂತ ವಿಷಯವನ್ನು ಸೂಚಿಸುವ ಪದಗಳು ಲೇಸು, ಪದಗಳ ನಡುವೆ ಅಡಿಗೆರೆಗಿಂತ ಕಿರುಗೆರೆ ಲೇಸು ಎಂಬುದು ಗೂಗಲ್ ಸಂಸ್ಥೆಯ ಸಲಹೆಯೂ ಹೌದು. ಓದುಗನಿಗೆ ಇದರಿಂದ ಉಪಕಾರವಾಗುವುದೆಂಬುದನ್ನು ಅಲ್ಲಗಳೆಯುವಂತಿಲ್ಲ.

ಬರ್ನರ್ಸ್-ಲೀ ಅವರ ನಿಷೇಧವು ಅಗತ್ಯಕ್ಕಿಂತ ಕಠಿಣವಾಯಿತೆಂದು ನಾವು ಭಾವಿಸುತ್ತೇವೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಬಹುತೇಕ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಯನ್ನಿತ್ತರು. ‘ಬೇಲೂರು 58’ ಎಂದೊಡನೆ ವಿದ್ವಾಂಸನು ಇಂದಿಗೂ ಉದ್ದಿಷ್ಟ ಶಾಸನವನ್ನು ತಲಪಬಲ್ಲನು. ಇಲ್ಲಿ ಅರ್ಥವುಳ್ಳ ಪದವೂ ಉಂಟು, ಸ್ಥಿರತೆಯೂ ಉಂಟು. 1972ರಿಂದ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಬದಲಾದರೂ ಹಳೆಯ ಸಂಪುಟಗಳು ಗ್ರಂಥಾಲಯಗಳಲ್ಲಿ ಉಳಿದುಕೊಂಡುವು. ಜಾಲದಲ್ಲಿಯಾದರೋ ವಿಳಾಸವನ್ನು ತಿದ್ದಿದೊಡನೆ ಹಳೆಯದು ಅಳಿದುಹೋಗುತ್ತದೆ. ಅದನ್ನು ನೆಚ್ಚಿದ ಅಡಿಟಿಪ್ಪಣಿಯೂ ವ್ಯರ್ಥವಾಗುತ್ತದೆ. ಆದ್ದರಿಂದ ದೋಷವಿರುವುದು ಪದಗಳನ್ನು ಬಳಸುವುದರಲ್ಲಲ್ಲ, ಬಳಸಿದ ಪದಗಳನ್ನು ಮತ್ತೆ ತಿದ್ದುವುದರಲ್ಲಿ. 2014ರಲ್ಲಿ ಇಂಗ್ಲಿಷಿನ ‘ಮೈಸೋರ್’ ‘ಮೈಸೂರು’ ಆಯಿತೆಂದು ಅದಕ್ಕೆ ಹಿಂದಿನ ವಿಳಾಸಗಳನ್ನು ತಿದ್ದಬೇಕಾದುದಿಲ್ಲ.

ಬರ್ನರ್ಸ್-ಲೀ ಅವರ ಲೇಖನವು ಸ್ಪರ್ಶಿಸದ ತೊಡಕೊಂದು ನಮ್ಮ ಲಿಪಿಯದು. ಕನ್ನಡ ಪದವುಳ್ಳ ವಿಳಾಸವನ್ನು ನಕಲು ಮಾಡಿದಾಗ ಪ್ರತಿಯೊಂದು ಲಿಪಿಸಂಕೇತವೂ ಅನೇಕ ವೇಳೆ ಒಂಬತ್ತು ರೋಮನ್ ಚಿಹ್ನೆಗಳಾಗಿ ಮಾರ್ಪಡುತ್ತದೆ. ಅನುಸ್ವಾರ, ಗುಣಿತಚಿಹ್ನೆಗಳೂ ಸೇರಿ ನಾಲ್ಕು ಸಂಕೇತಗಳುಳ್ಳ ‘ಹಂಪಿ’ಯು ಮೂವತ್ತಾರು ಚಿಹ್ನೆಗಳ ಸಾಲಾಗುತ್ತದೆ. ಇಂತಹುದನ್ನು ಅಡಿಟಿಪ್ಪಣಿಯಲ್ಲಿ ಮುದ್ರಿಸುವುದು ದುಸ್ಸಾಧ್ಯ. ಕನ್ನಡ ವಿಳಾಸವನ್ನು ತ್ಯಜಿಸುವುದು ಇದಕ್ಕೆ ಪರಿಹಾರವಲ್ಲ. ಅದೇ ಪುಟಕ್ಕೆ ಒಯ್ಯುವ ಕಿರುಸಂಖ್ಯೆಯೊಂದನ್ನು ಜತೆಯಲ್ಲಿಡಬಹುದು.

ಸಂಶೋಧನೆಯನ್ನು ಜಾಲದಲ್ಲಿ ಪ್ರಕಟಿಸುವ ಸಂಸ್ಥೆಗಳು ಗಮನಿಸಬೇಕಾದುದು ಇಷ್ಟು: ವಿಳಾಸವು ಚಿಕ್ಕದಾಗಿ ಸ್ಪಷ್ಟವಾಗಿರಲಿ, ಪ್ರಕಟಣೆಗೆ ಮೊದಲೇ ನಿಶ್ಚಿತವಾಗಲಿ. ಅನಿವಾರ್ಯವಾಗಿ ಬದಲಿಸಬೇಕಾದಲ್ಲಿ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ, 301 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಏರ್ಪಾಡನ್ನು ತಪ್ಪದೆ ಮಾಡಲಿ. ಈ ಎಚ್ಚರವಿಲ್ಲದಿದ್ದರೆ ನಮ್ಮ ಆಧಾರಗಳನ್ನು ಮುಂದಿನವರು ಪರೀಕ್ಷಿಸಲಾರರು.